ತೆಹಿಲ್ಲಾ

ಆರನೆಯ ಮೈಕಿನ ಜಾಲರಿ ತಿರುಗಿಸಿ ಬಿಚ್ಚಿ, ಉಸಿರು ಬಿಗಿಹಿಡಿದು, ಒಳಗಿನ ಸ್ಪಂಜನ್ನು ಎರಡೇ ಬೆರಳಲ್ಲಿ ಹಿಡಿದು ಎಳೆದ. ಆದರೂ ವಾಸನೆ ಬಂದೇ ಬಂತು. ಮೇಲೆ ಪೆಪ್ಪರ್‌ಮಿಂಟು, ಅದರ ಕೆಳಗೆ ಹಳೆಯ ಎಂಜಲು, ಅದಕ್ಕೂ ಕೆಳಗೆ ಇನ್ನೇನೋ ಒಂದು, ತೊಳೆಯದೆ ಮುಚ್ಚಿಟ್ಟ ಊಟದ ಡಬ್ಬಿಯನ್ನು ರಜೆ ಮುಗಿಸಿ ಬಂದು ತೆರೆದಾಗ ಮುಖಕ್ಕೆ ಹೊಡೆಯುವಂಥದ್ದು. ಯಾವ ಮೈಕು ಯಾರದೆಂದು ಅವನು ಕಣ್ಣುಮುಚ್ಚಿ ವಾಸನೆಯ ಮೇಲೇ ಹೇಳಬಲ್ಲ. ಆರು ಔಷಧಿ ಅಂಗಡಿಯವನದು. ಹಾಡುವ ಮುಂಚೆ ತನ್ನಂಗಡಿಯ ಪೆಪ್ಪರ್‌ಮಿಂಟನ್ನು ಎಲ್ಲರಿಗೂ ಹಂಚಿ, ತಾನೂ ಒಂದನ್ನು ದವಡೆಗೆ ಒತ್ತಿಕೊಂಡೇ ಹಾಡುತ್ತಾನೆ. ನಾಲ್ಕು ಹಲ್ಲಿನ ಡಾಕ್ಟರ ಮಗಳದು; ಅದಕ್ಕೆ ತುಟಿಬಣ್ಣದ ಮೇಣದ ವಾಸನೆ, ಜಾಲರಿಯ ಕಣ್ಣುಗಳಲ್ಲಿ ಗುಲಾಬಿ ಕೊಳೆ. ಒಂಬತ್ತು ಅಕ್ಕನದು. ಅದನ್ನು ಮಾತ್ರ ಕೊನೆಗೆ ಉಳಿಸಿಕೊಂಡು, ಸ್ಪಂಜನ್ನು ಮೂಗಿನ ಹತ್ತಿರ ತರದೆ ಸೀದಾ ಸ್ಪಿರಿಟ್ಟಿನ ಬಟ್ಟಲಿಗೆ ಹಾಕುತ್ತಾನೆ. ಎರಡು ವರ್ಷದಿಂದ ಒಂದು ಸ್ವರವನ್ನೂ ಹೊರಗೆ ಬಿಡದ ಮೈಕಿಗೂ ಎಂಜಲು ಮಾತ್ರ ತಪ್ಪಲಿಲ್ಲವಲ್ಲ ಎಂದು ಪ್ರತಿ ವಾರವೂ ಅನ್ನಿಸುತ್ತದೆ. ಅನ್ನಿಸಿದ ಮರುಕ್ಷಣ ಬಟ್ಟಲಿನ ಸ್ಪಿರಿಟ್ಟು ಮಂಕಾಗುವುದನ್ನು ನೋಡಲಾರದೆ ಮುಖ ತಿರುಗಿಸುತ್ತಾನೆ.

ಒಂದೊಂದು ಮೈಕಿನ ಕೊರಳಿಗೂ ಒಂದೊಂದು ಬಣ್ಣದ ರಬ್ಬರ್ ಬಳೆ. ಹಾಡುವವರಿಗೆ ನಂಬರು ನೆನಪಿರುವುದಿಲ್ಲ, ಬಣ್ಣ ನೆನಪಿರುತ್ತದೆ. ಔಷಧಿ ಅಂಗಡಿಯವನದು ನೀಲಿ, ಅಕ್ಕನದು ಹಳದಿ. ನಂಬರು ಬೇಕಿರುವುದು ಪ್ರಾರ್ಥನೆಯ ಹಾಲಿನ ಹಿಂದುಗಡೆ, ಕತ್ತಲಲ್ಲಿ, ಎಲ್ಲರ ದನಿ ಬೆರೆಸುವ ಮಿಕ್ಸರಿನ ಮುಂದೆ ಕೂರುವ ಅವನೊಬ್ಬನಿಗೆ. ಅದೂ ಮೈಕಿನ ಬುಡದಲ್ಲಿ ಉಗುರಿನಷ್ಟಗಲದ ಚೀಟಿಯಲ್ಲಿ ಅರ್ಧ ಅಳಿಸಿಹೋಗಿದೆ. ಬಳೆ ಕಳಚಿದರೆ ಅಡಿಯಲ್ಲಿ ಬೆವರು ಕಪ್ಪಾಗಿ ಸುತ್ತುಕಟ್ಟಿರುತ್ತದೆ, ಸ್ನಾನ ಮಾಡದ ಮಗುವಿನ ಕತ್ತಿನ ಮಡಿಕೆಯ ಹಾಗೆ. ಅವನು ಆರನ್ನೂ ಒಂಬತ್ತನ್ನೂ ಬೆತ್ತಲೆಯಾಗಿ ಒರಸಿ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಿದ್ದ. ಆಗ ಔಷಧಿ ಅಂಗಡಿಯವನು ವೇದಿಕೆಯ ಪಕ್ಕದ ಬಾಗಿಲಿನಿಂದ ಕೆಮ್ಮುತ್ತಾ ಬಂದ.

“ಗಂಟಲು ಕಟ್ಟಿಬಿಟ್ಟಿದೆ ಕಣಯ್ಯಾ,” ಅಂದ. ಅವನದು ಗಂಡಸರಲ್ಲಿ ಅಪರೂಪದ ಎತ್ತರದ, ತೆಳ್ಳನೆಯ ದನಿ. “ಇವತ್ತು ಫೋನಲ್ಲಿ ನನ್ನ ಯಾರೂ ಮೇಡಂ ಅನ್ನಲ್ಲ ಬಿಡು. ಕತ್ತೆ ಅಂದ್ರೂ ಅಂದಾರು. ನಂದು ಸ್ವಲ್ಪ ನೋಡ್ಕೋ.”

“ನೋಡ್ಕೋತೀನಿ.”

“ಒಳಗೆ ಕೆಂಪಾಗಿದೆಯಾ ನೋಡು.”

“ಔಷಧಿ ಅಂಗಡಿ ಇಟ್ಟಿರೋರು ನೀವು. ನನ್ನ ಕೇಳ್ತೀರಲ್ಲ.”

“ಅಂಗಡಿ ಇಟ್ಟವನಿಗೆ ತನ್ನ ಗಂಟಲು ತನಗೆ ಕಾಣುತ್ತೇನಯ್ಯಾ? ಆ...”

ಅವನು ಬಾಯಿ ಕಳೆದ. ನಾಲಗೆಯ ಮೇಲೆ ಬೆಳ್ಳಗಿನ ಲೇಪ, ಆಚೆ ಕಿರುನಾಲಗೆ ಒದ್ದೆಯಾಗಿ ತೂಗುತ್ತಿತ್ತು. ಅದು ತನ್ನ ಕಡೆಗೇ ಬೆರಳು ಮಾಡಿ ಕರೆಯುತ್ತಿದೆಯೇನೋ ಎನ್ನಿಸಿತು ಮೈಕು ಒರಸುತ್ತಿದ್ದವನಿಗೆ. “ಕೆಂಪಾಗಿದೆ, ಕೆಂಪಾಗಿದೆ,” ಎನ್ನುತ್ತ ಮುಖವನ್ನು ಗೋಡೆಯ ಕಡೆ ಹೊರಳಿಸಿ, ಕೈಗೆ ಸಿಕ್ಕ ಬಳೆಯನ್ನು ಕೈಗೆ ಸಿಕ್ಕ ಮೈಕಿಗೆ, ಉಳಿದದ್ದನ್ನು ಉಳಿದದ್ದಕ್ಕೆ ಏರಿಸಿದ. ಔಷಧಿ ಅಂಗಡಿಯವನು ಸಮಾಧಾನದಿಂದ ಬಾಯಿ ಮುಚ್ಚಿಕೊಂಡು, ಅದೇ ಬೆರಳುಗಳಲ್ಲಿ ಒಂದು ಪೆಪ್ಪರ್‌ಮಿಂಟು ತೆಗೆದು ಅವನ ಅಂಗೈಯಲ್ಲಿಟ್ಟು ಹೋದ. ಅದನ್ನು ಎಸೆಯಲು ಧೈರ್ಯ ಸಾಲದೆ ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಆಮೇಲೆ ಪ್ರತಿ ಸಲ ಜೇಬಿಗೆ ಕೈ ಹೋದಾಗಲೂ ಅದು ನೂಲಿನ ಧೂಳು ಮೆತ್ತಿಕೊಂಡು ಬೆರಳಿಗೆ ಅಂಟುತ್ತಿತ್ತು.

ಆ ಹಾಲು ಹಿಂದೆ ಸಿನಿಮಾ ಟಾಕೀಸಾಗಿತ್ತು. ಕುರ್ಚಿಗಳ ಬೆನ್ನಿಗೆ ಇನ್ನೂ ಹಿತ್ತಾಳೆಯ ನಂಬರುಗಳು, ಅಡಿಯಲ್ಲಿ ಯಾರು ಯಾರೋ ಜಗಿದು ಅಂಟಿಸಿದ ಗಮ್ಮು ಕಲ್ಲಾಗಿ ಕೂತಿದೆ. ಪರದೆಯಿದ್ದ ಕಡೆ ಈಗ ಗಾಯನ ತಂಡ ನಿಲ್ಲುತ್ತದೆ, ಪ್ರೊಜೆಕ್ಟರು ಇದ್ದ ಕಡೆ ಅವನು ಕೂರುತ್ತಾನೆ. ತಂಡದವರು ಅವನನ್ನು ಹಿಂದಿನವನು ಅನ್ನುತ್ತಾರೆ. ಹಿಂದಿನವನಿಗೆ ಹೇಳು, ಹಿಂದಿನವನನ್ನು ಕೇಳು. ಮುಂದೆ ಇರುವವರು ದೇವರಿಗೆ ಹಾಡಿದರೆ ಅದು ಮೊದಲು ಹಿಂದಿನವನ ಕಿವಿಗೆ ಬಂದು ಆಮೇಲೆ ದೇವರಿಗೆ ಹೋಗಬೇಕು. ಮಿಕ್ಸರಿನಲ್ಲಿ ಪ್ರತಿ ಮೈಕಿಗೂ ಒಂದು ಸಣ್ಣ ಗುಂಡಿ ಇದೆ. ಅದನ್ನು ಒತ್ತಿದರೆ ಆ ಒಬ್ಬರ ದನಿ ಮಾತ್ರ ಹೆಡ್‌ಫೋನಿಗೆ ಬರುತ್ತದೆ. ದನಿಗಿಂತ ಮೊದಲು ಬರುವುದು ದನಿಯಲ್ಲದ್ದು: ತುಟಿ ಬಿಡುವ ಪಿಚಕ್ಕು, ಉಗುಳು ನುಂಗುವುದು, ಮೂಗಿನೊಳಗೆ ಏನೋ ಮೇಲೆ ಕೆಳಗೆ ಓಡಾಡುವುದು, ಎರಡು ಚರಣಗಳ ನಡುವೆ ಮೆಲ್ಲಗೆ ಹೊರಬಿಟ್ಟ ತೇಗು. ಹಾಲು ಕಣ್ಣೀರಿಡುತ್ತ ಕೈಯೆತ್ತಿರುವಾಗ ಅವನ ಕಿವಿಯಲ್ಲಿ ಯಾರದೋ ಬೆಳಗಿನ ತಿಂಡಿ. ಭಕ್ತಿಯೆಂದರೆ ದೂರದಿಂದ ಕೇಳಿದ ಎಂಜಲು ಎಂದು ಒಮ್ಮೆ ಅಕ್ಕನಿಗೆ ಹೇಳಿದ್ದ. ಅಕ್ಕ ತಟ್ಟೆ ತೊಳೆಯುತ್ತಲೇ, “ನೀನು ಹುಟ್ಟಿದಾಗ ನೋಡ್ಬೇಕಿತ್ತು. ನಾನು ನೋಡಿದೀನಿ. ಇದಕ್ಕಿಂತ ಹೊಲಸಾಗಿದ್ದೆ,” ಅಂದಿದ್ದಳು.

ಎತ್ತಿ ಆಡಿಸಿದವಳು ಅವಳೇ. ಅವನ ತಲೆಯಲ್ಲಿ ಹೇನಾದಾಗ ಎರಡು ಮಂಡಿಗಳ ನಡುವೆ ತಲೆಯನ್ನು ಸಿಕ್ಕಿಸಿಕೊಂಡು, ಸೀಮೆಎಣ್ಣೆ ಸವರಿ, ಬಾಚಣಿಗೆ ಎಳೆದೆಳೆದು ತೆಗೆಯುತ್ತ, ತನ್ನ ಪಾಡಿಗೆ ತಾನು ಹಾಡುತ್ತಿದ್ದಳು. ಹಾಡು ಕಿವಿಯಿಂದ ಬರುತ್ತಿರಲಿಲ್ಲ, ಅವಳ ಮಂಡಿಯ ಮೂಳೆಯಿಂದ ಅವನ ತಲೆಬುರುಡೆಗೆ ಬರುತ್ತಿತ್ತು. ಉಗುರ ಮೇಲೆ ಹೇನು ಚಟಕ್ಕೆಂದು ಒಡೆಯುವುದೇ ತಾಳ. ಆ ದನಿ ದೊಡ್ಡದು, ಬಟ್ಟೆಯ ಗಂಟನ್ನು ಬಿಚ್ಚಿ ಹರಡಿದಷ್ಟು ಅಗಲ. ಈಗ ಅವಳ ಕುತ್ತಿಗೆಯ ಬುಡದಲ್ಲಿ ಅಡ್ಡಡ್ಡ ಹೊಲಿಗೆಯ ಗೆರೆ, ತುಂಬಿದ ದಿಂಬಿನ ಬಾಯಿ ಹೊಲಿದ ಹಾಗೆ. ಗಡ್ಡೆ ತೆಗೆದ ಡಾಕ್ಟರು ಮಾತಿಗೆ ತೊಂದರೆಯಿಲ್ಲ ಅಂದಿದ್ದರು. ಹಾಡಿನ ವಿಷಯ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮನೆಯಲ್ಲಿ ಅವಳು ಈಗ ಹಾಡುವುದಿಲ್ಲ. ಭಾನುವಾರಕ್ಕೆ ಉಳಿಸ್ಕೋತೀನಿ ಅನ್ನುತ್ತಾಳೆ.

ಪಾಸ್ಟರು ಅವನನ್ನು ಪಕ್ಕದ ಕೋಣೆಗೆ ಕರೆದದ್ದು ಅವಳು ಆಸ್ಪತ್ರೆಯಿಂದ ಬಂದು ಮತ್ತೆ ತಂಡದಲ್ಲಿ ನಿಂತ ಮೊದಲ ವಾರವೇ. ಪಾಸ್ಟರಿಗೆ ಅಕ್ಕನಿಗಿಂತ ಕಡಿಮೆ ವಯಸ್ಸು, ಬಿಳಿಯ ಸಣ್ಣ ಹಲ್ಲುಗಳು, ಮಾತಾಡುವಾಗ ಎದುರಿನವರ ಮುಂಗೈ ಹಿಡಿದುಕೊಳ್ಳುವ ಚಾಳಿ. ಬಿಟ್ಟ ಮೇಲೂ ಅಲ್ಲಿ ಬೆಚ್ಚಗೆ ತೇವ ಉಳಿದಿರುತ್ತದೆ. “ಸಿಸ್ಟರ್ ಅಲ್ಲಿ ನಿಂತ್ರೆ ಸಭೆಗೆ ಒಂದು ಧೈರ್ಯ ಬ್ರದರ್. ಸಾವಿನ ಬಾಯಿಂದ ಬಂದೋರು. ಅವರು ಕಾಣ್ಬೇಕು. ಕೇಳಿಸ್ಲೇಬೇಕು ಅಂತೇನಿಲ್ಲ, ಅಲ್ವಾ?” ಅಂದಿದ್ದರು. ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಹಗುರ. ನೋಯುವ ಹಲ್ಲು ಕಿತ್ತ ಮೇಲೆ ಆಗುತ್ತದಲ್ಲ, ಅಂಥ ಹಗುರ. ಆ ಹಾಳಾದ ದನಿಯನ್ನು ಕೇಳುವ ಕೆಲಸ ತಪ್ಪಿತಲ್ಲ ಎಂದು. ಅಂದಿನಿಂದ ಒಂಬತ್ತನ್ನು ಮುಚ್ಚಿದ; ಮುಚ್ಚಿದ್ದಷ್ಟೇ ಅಲ್ಲ, ಆ ಸಣ್ಣ ಗುಂಡಿಯನ್ನೂ ಒಮ್ಮೆಯೂ ಒತ್ತಲಿಲ್ಲ. ಒಳ್ಳೆ ಸಮಯ ನೋಡಿ ಅಕ್ಕನಿಗೆ ಹೇಳಿದರಾಯಿತು ಅಂದುಕೊಂಡಿದ್ದ. ಒಳ್ಳೆ ಸಮಯ ಬರುವುದೇ ಇಂಥ ಮಾತುಗಳನ್ನು ಮುಂದೂಡಲಿಕ್ಕೆ. ಅಕ್ಕ ಒಮ್ಮೆ ಮಾತ್ರ ಕೇಳಿದ್ದಳು, “ನಂದು ನನಗೆ ಬೇರೆಯಾಗಿ ಕೇಳಿಸೋದೇ ಇಲ್ಲ ಕಣೋ.” ಅವನು ಏನಾದರೂ ಹೇಳುವ ಮೊದಲೇ ತಾನೇ ಉತ್ತರ ಕೊಟ್ಟುಕೊಂಡಿದ್ದಳು, “ಎಲ್ಲರ ಜೊತೆ ಸೇರಿಹೋಗುತ್ತೆ ಅಂತ ಕಾಣುತ್ತೆ. ಹಾಗೇ ಇರ್ಬೇಕು ಬಿಡು.”

ಈಚೆಗೆ ಪಾಸ್ಟರು ವಾರಕ್ಕೊಂದು ಹೀಬ್ರೂ ಮಾತು ಹಿಡಿದಿದ್ದರು. ಸ್ತುತಿಗೆ ಆ ಭಾಷೆಯಲ್ಲಿ ಹಲವು ಮಾತುಗಳಂತೆ. ಒಂದಕ್ಕೆ ಕೈಯೆತ್ತಬೇಕು, ಒಂದಕ್ಕೆ ಮಂಡಿಯೂರಬೇಕು, ಒಂದಕ್ಕೆ ತಂತಿ ಮೀಟಬೇಕು. ಪ್ರತಿ ಭಾನುವಾರವೂ ಹಾಲು ಆ ವಾರದ ಮಾತನ್ನು ಅಭಿನಯಿಸುತ್ತಿತ್ತು, ಶಾಲೆಯ ಕವಾಯತಿನಂತೆ. ಈ ವಾರದ್ದು ತೆಹಿಲ್ಲಾ. ಶುಕ್ರವಾರದ ಅಭ್ಯಾಸಕ್ಕೆ ಎಲ್ಲರೂ ಸೇರಿದ್ದಾಗ ಅಕ್ಕನೇ ಕೇಳಿದ್ದಳು, “ಹಾಗಂದ್ರೆ ಏನು ಪಾಸ್ಟರೇ?”

“ಡಿಕ್ಷನರಿ ತೆಗೆದ್ರೆ ಸ್ತುತಿ ಅಂತ ಇರುತ್ತೆ, ಸ್ತುತಿಯ ಹಾಡು ಅಂತ ಇರುತ್ತೆ. ಅಷ್ಟೇ. ಆದ್ರೆ ಅದರ ಒಳಗೆ ಹೋದ್ರೆ ಸಿಸ್ಟರ್, ಅದು ಕಲಿತು ಹಾಡೋ ಹಾಡಲ್ಲ. ಯಾರೂ ಬರೆದುಕೊಟ್ಟದ್ದಲ್ಲ. ಒಳಗಿಂದ ತಾನಾಗೇ ಎದ್ದು ಬರೋದು. ಬೇರೆ ಹಾಡನ್ನ ನಾವು ದೇವರಿಗೆ ಕೊಡ್ತೀವಿ. ಇದರ ಮೇಲೆ ಮಾತ್ರ ದೇವರು ಸಿಂಹಾಸನ ಮಾಡ್ಕೊಂಡು ಬಂದು ಕೂರ್ತಾನೆ.”

“ಯಾರು ಬೇಕಾದ್ರೂ ಹಾಡ್ಬಹುದಾ?”

“ಯಾರು ಬೇಕಾದ್ರೂ. ಅದಕ್ಕೇ ತಾನೆ ಆ ಮಾತಿರೋದು.” ಹೇಳುತ್ತ ಪಾಸ್ಟರು ಅಕ್ಕನ ತಲೆಯ ಮೇಲಿನಿಂದ ಹಿಂದಿನವನ ಕಡೆ ನೋಡಿದ್ದರು.

ಅದಾದ ಮೇಲೆ ತಾನಾಗೇ ಎದ್ದು ಬರುವುದರ ಅಭ್ಯಾಸ ನಡೆಯಿತು. ಪಿಯಾನೋದವನು ಒಂದೇ ಸ್ವರವನ್ನು ಹಿಡಿದುಕೊಂಡಿರಬೇಕು, ಹಲ್ಲಿನ ಡಾಕ್ಟರ ಮಗಳು ಎರಡು ಹೆಜ್ಜೆ ಮುಂದೆ ಬರಬೇಕು, ಕಣ್ಣು ಮುಚ್ಚಬೇಕು. “ಮೂರನೇ ಸಾಲಿಗೆ ಸ್ವಲ್ಪ ಗದ್ಗದ ಆಗ್ಲಮ್ಮಾ,” ಅಂದರು ಪಾಸ್ಟರು. “ಆದ್ರೆ ಮಾಡಿದ ಹಾಗೆ ಕಾಣ್ಬಾರ್ದು.” ಅವಳು ಮೊದಲ ಸಲ ಬೇಗ ಅತ್ತಳು, ಎರಡನೆಯ ಸಲ ತಡವಾಗಿ ಅತ್ತಳು, ಮೂರನೆಯ ಸಲ ಸರಿಯಾಗಿ ಅತ್ತಳು. ಸರಿಯಾದ ಆ ಬಿಕ್ಕಿಗೆ ನಾಲ್ಕನೆಯ ಫೇಡರ್, ಎಂದರೆ ದನಿಯನ್ನು ಏರಿಸಿ ಇಳಿಸುವ ಜಾರುಕೀಲಿ, ಎಲ್ಲಿರಬೇಕೆಂದು ಅವನು ಅಂಟುಪಟ್ಟಿಯ ಚೂರೊಂದನ್ನು ಅಂಟಿಸಿ ಗುರುತು ಮಾಡಿಕೊಂಡ. ಚೆನ್ನಾಗಿ ಕೆಲಸ ಮಾಡಿದೆ ಎಂದು ಅವನಿಗೆ ಒಂದು ಗಳಿಗೆ ಹೆಮ್ಮೆಯೂ ಆಯಿತು. ಆ ಹೆಮ್ಮೆ ನೆನಪಾದಾಗಲೆಲ್ಲ ನಾಲಗೆಯನ್ನು ಅಂಗಿಯ ತೋಳಿಗೆ ಒರಸಿಕೊಳ್ಳಬೇಕೆನಿಸುತ್ತದೆ.

ನಿನ್ನೆ ಸಂಜೆ ಅಕ್ಕ ಒಣಗಿದ ಬಟ್ಟೆ ಮಡಚುತ್ತ, ಅವನ ಅಂಗಿಯನ್ನು ಎದೆಗೊತ್ತಿ ತೋಳು ಜೋಡಿಸುತ್ತ, ಅವನ ಕಡೆ ನೋಡದೆ ಅಂದಿದ್ದಳು, “ನಾಳೆ ನಾನೂ ಹಾಡ್ತೀನಿ ಕಣೋ. ಆ ಹುಡುಗಿ ಆದ್ಮೇಲೆ. ಏನು ಹಾಡ್ತೀನೋ ಗೊತ್ತಿಲ್ಲ. ಗೊತ್ತಿರ್ಬಾರ್ದಂತಲ್ಲ.”

“ಹೂಂ.”

“ನಂದು ಸ್ವಲ್ಪ ಜಾಸ್ತಿ ಇಡು. ನಾನು ಕೇಳ್ಕೋಬೇಕು.”

“ಹೂಂ.”

ಹೂಂ ಎಂಬುದಕ್ಕೆ ಬಾಯಿ ತೆರೆಯುವ ಅಗತ್ಯವೂ ಇಲ್ಲ. ಮೂಗಿನಿಂದ ಹೊರಬಿಟ್ಟ ಗಾಳಿ. ಈಗ, ಮೈಕುಗಳನ್ನು ಸ್ಟ್ಯಾಂಡುಗಳಿಗೆ ಸಿಕ್ಕಿಸಿ ಹಿಂದಕ್ಕೆ ಬಂದು ಕೂತವನ ಹತ್ತಿರ ಪಾಸ್ಟರು ಬಂದು ಮುಂಗೈ ಹಿಡಿದುಕೊಂಡು, “ಒಂಬತ್ತು?” ಎಂದು ಕೇಳಿದಾಗಲೂ ಅವನ ಮೂಗಿನಿಂದ ಅದೇ ಗಾಳಿ ಹೊರಟಿತು. “ಮುಚ್ಚಿದೆ,” ಅಂದ.

“ಮುಚ್ಚಿದೆ ಅನ್ಬೇಡಪ್ಪಾ, ಒಂಥರಾ ಆಗುತ್ತೆ. ವಿಶ್ರಾಂತಿ ಕೊಟ್ಟಿದೀವಿ. ಅವರು ಏನಾದ್ರೂ ಮುಂದೆ ಬಂದ್ರೆ ಪಿಯಾನೋ ಜೋರು ಮಾಡು.”

ಹಾಲು ತುಂಬಿತು. ತುಂಬಿದ ಹಾಲಿನ ವಾಸನೆ, ಒದ್ದೆ ಕೂದಲು, ಪೌಡರು, ಬೂಟು, ಏರ್‌ಕಂಡೀಷನರಿನ ಹಳೆಯ ಧೂಳು, ಸೀದಾ ಹಿಂದಕ್ಕೆ ಬಂದು ಅವನ ಸುತ್ತ ನಿಲ್ಲುತ್ತದೆ. ಮೊದಲನೆಯ ಹಾಡು ಶುರುವಾಯಿತು. ಎಲ್ಲರಿಗೂ ಗೊತ್ತಿರುವ, ತುಳಿದು ತುಳಿದು ಸವೆದ ಮೆಟ್ಟಿಲಿನಂಥ ಹಾಡು. ಎರಡನೆಯ ಸಾಲಿಗೇ ಅವನ ಹುಬ್ಬು ಗಂಟಾಯಿತು. ಎಲ್ಲೋ ಏನೋ ಕೆರೆಯುತ್ತಿತ್ತು. ಒದ್ದೆ ಮರಳಿನ ಮೇಲೆ ಯಾರೋ ಚಪ್ಪಲಿ ಎಳೆದುಕೊಂಡು ಉಳಿದವರ ಹಿಂದೆ ಬರುತ್ತಿರುವ ಹಾಗೆ. ಒಂದೊಂದಾಗಿ ಗುಂಡಿ ಒತ್ತುತ್ತ ಹೋದ. ನಾಲ್ಕು, ನುಣುಪು. ಐದು, ಮೂಗು. ಆರು. ಸಿಕ್ಕಿತು. ಔಷಧಿ ಅಂಗಡಿಯವನ ಗಂಟಲು. ಹೇಳಿದ್ದು ನಿಜ, ಆ ತೆಳ್ಳನೆಯ ದನಿ ಇಳಿದುಹೋಗಿ, ಒಡೆದು, ಅರ್ಧ ಸ್ವರವಾಗಿ ಅರ್ಧ ಬರಿಯ ಉಸಿರಾಗಿ ಬರುತ್ತಿತ್ತು. ಎತ್ತರಕ್ಕೆ ಹೋಗಬೇಕಾದಲ್ಲಿ ಜಾರಿ ಕೆಳಗೆ ಬಿದ್ದು, ಅಲ್ಲಿಂದಲೇ, ಬಿದ್ದ ಕಡೆಯಿಂದಲೇ, ನಾಚಿಕೆಯಿಲ್ಲದೆ ಮುಂದುವರಿಯುತ್ತಿತ್ತು. ಕಫ ಅಂಟಿದ ಸ್ವರಗಳು. ಬೆಳಗ್ಗೆ ನೋಡಿದ ಬೆಳ್ಳಗಿನ ನಾಲಗೆ, ತೂಗುವ ಕಿರುನಾಲಗೆ ಹೆಡ್‌ಫೋನಿನಿಂದ ತನ್ನ ಕಿವಿಯೊಳಕ್ಕೆ ಇಳಿಯುತ್ತಿದೆ ಅನ್ನಿಸಿ ಅವನಿಗೆ ನಿಜವಾಗಿ ವಾಕರಿಕೆ ಬಂತು. ಇಂಥದ್ದನ್ನು ಹೊತ್ತುಕೊಂಡು ಬಂದು ಹಾಡುತ್ತಾರಲ್ಲ, ಮಾನ ಬೇಡವೇ. ಹಾಡು ಮುಗಿಯುವವರೆಗೆ ಹಲ್ಲು ಕಚ್ಚಿ ಕೂತಿದ್ದು, ಎರಡನೆಯದು ಶುರುವಾಗುವ ಮೊದಲು ಆರನ್ನು ಪೂರ್ತಿ ಕೆಳಕ್ಕೆಳೆದ. ಹಾಲು ಸ್ವಚ್ಛವಾಯಿತು. ಕೆಲಸ ಬಲ್ಲವನ ತೃಪ್ತಿಯಿಂದ ತಲೆಯೆತ್ತಿ ವೇದಿಕೆಯನ್ನು ನೋಡಿದ. ಮೊದಲನೆಯ ಹಾಡಿನ ತುಂಬ ಅಕ್ಕ, ಹಾಡುವವರಿಗೆ ತಮ್ಮ ದನಿ ಕೇಳಿಸಲೆಂದು ಕಾಲ ಹತ್ತಿರ ಇಟ್ಟ ಸ್ಪೀಕರಿನ ಕಡೆಗೆ ಬಾಗಿ, ಏನೋ ತಮಾಷೆ ಕೇಳಿದವಳಂತೆ ನಗುಮುಖದಲ್ಲಿ ಹಾಡುತ್ತಿದ್ದಳು. ಅದನ್ನು ಅರೆಗಣ್ಣಲ್ಲಿ ನೋಡಿದ್ದ. ಈಗ ಅವಳು ಮೈಕಿನ ತಲೆಯನ್ನು ಬೆರಳಿನಿಂದ ಒಮ್ಮೆ ತಟ್ಟಿದಳು. ಇನ್ನೊಮ್ಮೆ ತಟ್ಟಿದಳು. ಅವನು ಬೇರೆ ಕಡೆ ನೋಡಿದ.

ಪಾಸ್ಟರು ಮಾತಿಗೆ ನಿಂತರು. ಹಾಲಿನ ಕೈಲಿ ಆ ಮಾತನ್ನು ಹೇಳಿಸಿದರು, ತೆ, ಹಿಲ್, ಲಾ. ಅಷ್ಟೂ ಬಾಯಿಗಳು ಒಟ್ಟಿಗೆ ತೆರೆದು ಒಟ್ಟಿಗೆ ಮುಚ್ಚಿದವು. ಒಳಗಿಂದ ಬರುವುದು, ಕಲಿಸದೆ ಬರುವುದು, ಅದರ ಮೇಲೆ ದೇವರು ಬಂದು ಕೂರುವುದು. ಹಿಂದಿನವನು ಆ ಸಿಂಹಾಸನವನ್ನು ನೋಡುತ್ತಿದ್ದ: ಎಲ್ಲರ ಉಗುಳಿನಿಂದ ಒದ್ದೆಯಾದ ಕುರ್ಚಿ, ಅಡಿಯಲ್ಲಿ ಕಲ್ಲಾದ ಗಮ್ಮು, ಬಂದವನು ಕೂರಲೋ ಬೇಡವೋ ಎಂದು ಒಂದು ಕ್ಷಣ ನಿಂತು ಪಂಚೆಯೆತ್ತಿ ಹಿಡಿದುಕೊಂಡಿದ್ದಾನೆ. ನಗು ಬರಬೇಕಾಗಿತ್ತು. ಬರಲಿಲ್ಲ. ಆ ಮಾತನ್ನು ಅಕ್ಕನೂ ಹೇಳಿದ್ದಳು, ಶಾಲೆಗೆ ಹೊಸದಾಗಿ ಸೇರಿದವಳ ಶ್ರದ್ಧೆಯಿಂದ. ಅದು ನೆನಪಾಯಿತು.

“ಈಗ ಯಾರೂ ಯಾರಿಗೂ ಹೇಳಿಕೊಡೋದಿಲ್ಲ,” ಅಂದರು ಪಾಸ್ಟರು. “ಯಾರೊಳಗಿಂದ ಏಳುತ್ತೋ, ಏಳಲಿ.”

ಪಿಯಾನೋ ಸ್ವರ ಹಿಡಿಯಿತು. ಇಂಥ ಹೊತ್ತಿನಲ್ಲಿ ತಂಡದ ಮೈಕುಗಳನ್ನೆಲ್ಲ ಇಳಿಸಿ ಮುಂದೆ ಬಂದವರದ್ದನ್ನು ಮಾತ್ರ ಏರಿಸುವುದು ಪದ್ಧತಿ. ಇದು ತಂಡದವರಿಗೂ ಗೊತ್ತು, ಆದ್ದರಿಂದ ಅವರು ಮೈಕು ಕೈಯಲ್ಲಿದ್ದರೂ ನಿರಾಳವಾಗಿ ಕೆಮ್ಮುತ್ತಾರೆ, ಕೆರೆದುಕೊಳ್ಳುತ್ತಾರೆ. ಹಲ್ಲಿನ ಡಾಕ್ಟರ ಮಗಳು ಎರಡು ಹೆಜ್ಜೆ ಮುಂದೆ ಬಂದಳು, ಕಣ್ಣು ಮುಚ್ಚಿದಳು. ಮೊದಲನೆಯ ಸಾಲು. ಎರಡನೆಯ ಸಾಲು. ಅವನ ಬೆರಳು ಫೇಡರನ್ನು ಅಂಟುಪಟ್ಟಿಯ ಗುರುತಿಗೆ ಒಯ್ದಿತು, ಬಿಕ್ಕು ಬಂದು ಸರಿಯಾಗಿ ಅಲ್ಲೇ ಕೂತಿತು, ಬೀಗದೊಳಗೆ ಕೀ ಕೂತ ಹಾಗೆ. ಹಾಲಿನಲ್ಲಿ ಯಾರೋ ಹೆಂಗಸು ಗೊಳೋ ಎಂದಳು. ಅವನ ಬಾಯಲ್ಲಿ ಉಪ್ಪುಪ್ಪಾಗಿ ನೀರು ಕಿತ್ತುಕೊಂಡು ಬಂತು. ತನ್ನ ಬೆರಳನ್ನೇ ನೋಡಿದ. ಆ ಹೆಂಗಸನ್ನು ಅಳಿಸಿದ್ದು ಈ ಬೆರಳು.

ಹುಡುಗಿ ಹಿಂದಕ್ಕೆ ಸರಿದಳು. ಆಗ ಅಕ್ಕ ಮುಂದೆ ಬಂದಳು. ಹಳದಿ ಬಳೆಯ ಮೈಕನ್ನು ಎರಡೂ ಕೈಯಲ್ಲಿ ಲೋಟದ ಹಾಗೆ ಹಿಡಿದಿದ್ದಳು. ಕಣ್ಣು ಮುಚ್ಚಲಿಲ್ಲ. ಅವಳ ಬಾಯಿ ತೆರೆಯಿತು, ಆಡಿತು, ಕುತ್ತಿಗೆಯ ಹೊಲಿಗೆ ಏರಿ ಇಳಿಯಿತು. ಹಾಲಿಗೆ ಕೇಳಿಸಿದ್ದು ಪಿಯಾನೋ. ಮುಂದಿನ ಸಾಲಿನ ಮಕ್ಕಳು ಕತ್ತು ಚಾಚಿದರು. ಪಾಸ್ಟರು ಕಣ್ಣು ಮುಚ್ಚಿದ ಹಾಗೆ ಮಾಡಿ, ತೊಡೆಯ ಪಕ್ಕದಲ್ಲಿ ಎರಡು ಬೆರಳನ್ನು ಹಿಂದಿನವನಿಗಾಗಿ ಮೇಲಕ್ಕೆ ಆಡಿಸಿದರು: ಪಿಯಾನೋ, ಪಿಯಾನೋ. ಗಾಜಿನ ತೊಟ್ಟಿಯ ಮೀನಿನ ಹಾಗೆ ಆ ಬಾಯಿ. ಆ ಬಾಯಿ ಏನು ಹಾಡುತ್ತಿದೆಯೋ, ಸೀಮೆಎಣ್ಣೆಯ ವಾಸನೆಯ ಆ ಹಾಡೇ ಇರಬಹುದು, ಮೂಳೆಯಿಂದ ಮೂಳೆಗೆ ಬಂದದ್ದು. ಹೆಡ್‌ಫೋನು ಅವನ ಕುತ್ತಿಗೆಯಲ್ಲಿತ್ತು. ಗುಂಡಿ ಒತ್ತಿ ಕಿವಿಗಿಟ್ಟುಕೊಂಡರೆ ತಿಳಿಯುತ್ತಿತ್ತು. ಆಗಲಿಲ್ಲ, ಅಷ್ಟು ಹತ್ತಿರದಿಂದ ಕೇಳುವುದು ಅವನಿಂದ ಆಗಲಿಲ್ಲ. ಆ ಬಿಕ್ಕನ್ನು ಕೇಳಿದ ಹಾಲು ಇದನ್ನೂ ಕೇಳಲಿ, ಹೊಟ್ಟೆ ತೊಳಸಿಕೊಳ್ಳಲಿ, ಎಲ್ಲರೂ ಸೇರಿ ಕಾರಿಕೊಳ್ಳಲಿ ಎಂಬ ಒಂದು ಹಳಸಿದ ರೋಷದಲ್ಲಿ, ಪ್ರೀತಿಯಲ್ಲಿ ಖಂಡಿತ ಅಲ್ಲ, ಮೈಕು ಮುಚ್ಚಿದೆಯೆಂದು ಉರಿಯುವ ಒಂಬತ್ತರ ಕೆಂಪು ದೀಪವನ್ನು ಆರಿಸಿ ಫೇಡರನ್ನು ತುದಿಯವರೆಗೆ ನೂಕಿದ.

ಹಾಲಿನ ಎರಡೂ ಕಡೆಯ ದೊಡ್ಡ ಸ್ಪೀಕರುಗಳಿಂದ ಪೆಪ್ಪರ್‌ಮಿಂಟು ದವಡೆಗೆ ತಾಗಿದ ಸದ್ದು ಬಂತು. ಕಟಕ್. ಆಮೇಲೆ ರಸ ಹೀರಿಕೊಂಡ ಸದ್ದು. ಆಮೇಲೆ ಪಕ್ಕದವರ ಕಿವಿಗೆಂದು ಹೇಳಿದ, ತೆಳ್ಳನೆಯ, ಗಂಟಲು ಸ್ವಲ್ಪವೇ ಕಟ್ಟಿದ ದನಿ: “ಅಯ್ಯೋ, ಮುದುಕಿ ಶುರು ಹಚ್ಕೊಂಡ್ಲು. ಅವಳ ಮೈಕ್ ಮುಚ್ಚಿ ಎರಡು ವರ್ಷ ಆಯ್ತು, ಪಾಪ ಅವಳಿಗಿನ್ನೂ ಗೊತ್ತಿಲ್ಲ. ತಮ್ಮನೇ ಮುಚ್ಚಿರೋದು ಕಣ್ರೀ.” ಕಟಕ್.

ಅವನ ಕೈ ಒಂಬತ್ತನ್ನು ಕೆಳಗೆಳೆಯಿತು. ಎಳೆದ ಮೇಲೆ, ಕೈ ಇನ್ನೂ ಅಲ್ಲೇ ಇರುವಾಗ, ನೀಲಿ ಬಳೆಯೂ ಹಳದಿ ಬಳೆಯೂ ಗೋಡೆಯ ಕಡೆ ತಿರುಗಿದ ತನ್ನ ಮುಖವೂ ಒಟ್ಟಿಗೆ ಕಂಡವು. ಒಂಬತ್ತು ಔಷಧಿ ಅಂಗಡಿಯವನ ಕೈಯಲ್ಲಿದೆ. ಆರು ಅಕ್ಕನ ಕೈಯಲ್ಲಿದೆ. ಬೆಳಗಿನಿಂದ ಇದೆ. ಮೊದಲನೆಯ ಹಾಡಿನಲ್ಲಿ ಅವನ ಕಿವಿಯೊಳಕ್ಕೆ ಇಳಿದದ್ದು, ಬಿದ್ದ ಕಡೆಯಿಂದಲೇ ಮುಂದುವರಿದದ್ದು, ಅವನಿಗೆ ವಾಕರಿಕೆ ತರಿಸಿದ್ದು ಔಷಧಿ ಅಂಗಡಿಯವನ ಗಂಟಲಲ್ಲ. ಅದನ್ನು ಇಳಿಸು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಪಾಸ್ಟರು ಹೇಳಿರಲಿಲ್ಲ. ಮಾನ ಬೇಡವೇ ಎಂದಿದ್ದು ಅವನೇ.

ವೇದಿಕೆಯ ಮೇಲೆ ಅಕ್ಕನ ಬಾಯಿ ಇನ್ನೂ ತೆರೆದಿತ್ತು, ನುಂಗಲೂ ಉಗುಳಲೂ ಆಗದ ಏನನ್ನೋ ಇಟ್ಟುಕೊಂಡವಳಂತೆ. ಪಿಯಾನೋದವನು ಸ್ವರ ಬಿಟ್ಟ. ಔಷಧಿ ಅಂಗಡಿಯವನು ತನ್ನ ಕೈಯಲ್ಲಿದ್ದ ಮೈಕನ್ನು ಹಾವು ಹಿಡಿದವನಂತೆ ನೋಡುತ್ತಿದ್ದ. ಹಾಲು ಹಿಂದಕ್ಕೆ ತಿರುಗಿತು, ಕುರ್ಚಿಗಳು ಕಿರುಗುಟ್ಟಿದವು. ಅಷ್ಟೂ ಮುಖಗಳು ಕತ್ತಲಲ್ಲಿ ಕೂತ ತಮ್ಮನನ್ನು ಹುಡುಕಿದವು. ಅಕ್ಕ ಹುಡುಕಲಿಲ್ಲ. ಅವಳು ಕಾಲ ಹತ್ತಿರದ ಸ್ಪೀಕರನ್ನು ನೋಡುತ್ತಿದ್ದಳು.

ಪಾಸ್ಟರು ನಕ್ಕರು. ಎಂಥ ಹೊಲಸನ್ನೂ ಒಂದು ಕ್ಷಣದಲ್ಲಿ ಒರಸಿಬಿಡುವ ಬಟ್ಟೆ ಆ ನಗು. “ದೇವರಿಗೆ ಮೈಕ್ ಬೇಕಾ, ಹೇಳಿ?” ಅಂದರು. ಹಾಲು ಬದುಕಿದೆಯಾ ಬಡಜೀವವೇ ಎಂದು ಜೊತೆಗೆ ನಕ್ಕಿತು. ಅವರು ನಡೆದು ಬಂದು ತಮ್ಮ ಮೈಕನ್ನು ಅಕ್ಕನ ತುಟಿಗೆ ಹಿಡಿದರು. ಅಕ್ಕ ಬಾಯಿ ಮುಚ್ಚಿಕೊಂಡಳು. ಹಳದಿ ಬಳೆಯ ಮೈಕನ್ನು ಸೆರಗಿನಿಂದ ಒಮ್ಮೆ ಒರಸಿ, ಸ್ಟ್ಯಾಂಡಿಗೆ ಸಿಕ್ಕಿಸಿ, ತನ್ನ ಜಾಗಕ್ಕೆ ಹೋಗಿ ನಿಂತಳು. “ಕೆಲವರ ತೆಹಿಲ್ಲಾ ಮೌನವಾಗಿರುತ್ತೆ,” ಅಂದರು ಪಾಸ್ಟರು, ದನಿ ತಗ್ಗಿಸಿ. ಹಾಲು ಆಮೆನ್ ಅಂದಿತು. ಉಳಿದ ಹಾಡುಗಳಿಗೆ ಅಕ್ಕ ತುಟಿ ಸಹ ಆಡಿಸಲಿಲ್ಲ. ಜನರ ಕಣ್ಣಿಗೆ ಬೀಳಬೇಕಾದಷ್ಟು ಬಿದ್ದುಕೊಂಡು ನಿಂತೇ ಇದ್ದಳು.

ಎಲ್ಲರೂ ಹೋದ ಮೇಲೆ, ಎಂದಿನಂತೆ, ಅವನು ವೈರು ಸುತ್ತುವವರೆಗೆ ಮುಂದಿನ ಸಾಲಿನ ಕುರ್ಚಿಯಲ್ಲಿ ಕಾದು ಕೂತಳು. ಇಬ್ಬರೂ ಹೋಗಬೇಕಾದದ್ದು ಒಂದೇ ಸ್ಕೂಟರಿನಲ್ಲಿ. ಅವನು ವೇದಿಕೆಯ ಮೇಲೆ ಮಂಡಿಯೂರಿ, ಮೊಣಕೈಗೂ ಅಂಗೈಗೂ ನಡುವೆ ವೈರನ್ನು ಸುತ್ತುತ್ತಿದ್ದ. ಸುತ್ತು ಸೊಟ್ಟಗಾಗುತ್ತಿತ್ತು, ಬಿಚ್ಚಿ ಮತ್ತೆ ಸುತ್ತುತ್ತಿದ್ದ.

“ಮೊದಲನೇ ಹಾಡಲ್ಲಿ ನಂದು ಕೇಳಿಸ್ತು,” ಅಂದಳು ಅಕ್ಕ. ಮಾತಿನ ದನಿ ಎಂದಿನ ಹಾಗೇ ಇತ್ತು, ಮೊಟಕು, ಮನೆಯದ್ದು. “ಹೀಗಾಗಿದೆಯಾ ಅಂತ ನಗು ಬಂತು. ಚೆನ್ನಾಗಿರಲಿಲ್ಲ. ಹಳೇ ಬಾಗಿಲ ಥರ. ಆದ್ರೆ ನಂದೇ ಕಣೋ.”

ಅವನು ಸುತ್ತುತ್ತಲೇ ಇದ್ದ.

“ಎರಡನೇ ಹಾಡಿಗೆ ಹೋಗ್ಬಿಡ್ತು. ಯಾಕೆ?”

“ಬಳೆ ಅದಲುಬದಲಾಗಿತ್ತು. ಔಷಧಿ ಅಂಗಡಿಯವನದು ಅಂದ್ಕೊಂಡೆ. ಅವನಿಗೆ ಗಂಟಲು ಕಟ್ಟಿತ್ತಲ್ಲ.” ಎರಡು ವರ್ಷದ ಮಾತಿಗೆ ಬಾರದೆ ಇಷ್ಟಕ್ಕೆ ಮುಗಿದರೆ ಸಾಕು ಎಂದು ಅವನ ನಾಲಗೆ ಆಸೆಪಟ್ಟಿತು. “ಕೆರೀತಿತ್ತು. ಇಳಿಸಿದೆ.”

“ಕಿವಿಗೆ ಹಾಕ್ಕೊಂಡು ಕೇಳಿದ್ಯಾ?”

“ಕೇಳಿದೆ.”

“ಗೊತ್ತಾಗ್ಲಿಲ್ವಾ?”

ಗೊತ್ತಾಗಿತ್ತು ಎಂದು ಸುಳ್ಳು ಹೇಳಬಹುದಿತ್ತು. ಗೊತ್ತಿದ್ದೂ ಇಳಿಸಿದೆ ಎಂಬುದಕ್ಕಾದರೂ ಒಂದು ಮುಖವಿರುತ್ತಿತ್ತು, ಜಗಳವಾಡಲು ಒಬ್ಬ ತಮ್ಮ ಇರುತ್ತಿದ್ದ.

“ಇಲ್ಲ,” ಅಂದ.

ಅಕ್ಕ ತಲೆಯಾಡಿಸಿದಳು, ಕೇಳಿದ ಸಾಮಾನು ಇಲ್ಲವೆಂದು ಅಂಗಡಿಯಲ್ಲಿ ಹೇಳಿದಾಗ ತಲೆಯಾಡಿಸುವ ಹಾಗೆ. ಎರಡು ವರ್ಷದ ಬಗ್ಗೆ ಅವಳು ಕೇಳಲೇ ಇಲ್ಲ. ಅದು ಇದಕ್ಕಿಂತ ಸಣ್ಣದೆಂದು ಅವಳಿಗೂ ಗೊತ್ತಾಗಿದೆ ಎಂದು ಅವನಿಗೆ ತಿಳಿಯಿತು. ಬೈದಿದ್ದರೆ ಚೆನ್ನಾಗಿತ್ತು. ಅವಳ ಕೈ ಕುತ್ತಿಗೆಯ ಗೆರೆಗೆ ಹೋಯಿತು, ತುರಿಸಿಕೊಂಡು ಮಡಿಲಿಗೆ ಬಂತು.

ಅವನು ವೈರನ್ನು ಅಲ್ಲೇ ಬಿಟ್ಟು ಎದ್ದ. ಮೈಕಿನ ಬುಡ ತಿರುಗಿಸಿ, ಅಳಿಸಿದ ನಂಬರನ್ನು ಬೆಳಕಿಗೆ ಹಿಡಿದು ನೋಡಿ, ಬಳೆಗಳನ್ನು ಕಳಚಿ, ಹಳದಿಯನ್ನು ಹಳದಿಯ ಜಾಗಕ್ಕೆ ಏರಿಸಿದ. ಒಂಬತ್ತರ ಜಾಲರಿಯಿಂದ ಪೆಪ್ಪರ್‌ಮಿಂಟಿನ ವಾಸನೆ ಬರುತ್ತಿತ್ತು. ಸ್ಪಂಜು ತೆಗೆದು ಎಸೆದ, ಜಾಲರಿಯನ್ನು ಸ್ಪಿರಿಟ್ಟಿನಲ್ಲಿ ಉಜ್ಜಿದ, ಉಜ್ಜಿದ್ದು ಸಾಲದೆಂದು ಅಂಗಿಯ ತುದಿಯಿಂದ ಮತ್ತೆ ಉಜ್ಜಿದ. ಹಿಂದಕ್ಕೆ ಓಡಿ ಆರಿಸಿದ್ದ ಮಿಕ್ಸರನ್ನು ಮತ್ತೆ ಹಾಕಿದ. ಉಳಿದವನ್ನೆಲ್ಲ ಇಳಿಸಿ ಒಂಬತ್ತೊಂದನ್ನೇ ಏರಿಸಿದ. ಖಾಲಿ ಹಾಲಿನಲ್ಲಿ ಸ್ಪೀಕರುಗಳು ಮೆಲ್ಲನೆ ಉಸಿರೆಳೆದುಕೊಂಡವು. ಏದುಸಿರು ಬಿಡುತ್ತ ಮುಂದೆ ಬಂದು ಅವಳ ಕುರ್ಚಿಯ ಎದುರು ನಿಂತು, ಮೈಕನ್ನು ಅವಳ ಕಡೆಗೆ ಚಾಚಿದ. ಅವನ ಏದುಸಿರೇ ಗೋಡೆಯಿಂದ ಗೋಡೆಗೆ ಹೋಗಿ, ಒದ್ದೆಯಾಗಿ, ದೊಡ್ಡದಾಗಿ, ಇಬ್ಬರಿಗೂ ಕೇಳಿಸುತ್ತಿತ್ತು.

“ಅಕ್ಕಾ, ಈಗ ಹಾಡು,” ಅಂದ. “ಯಾರೂ ಇಲ್ಲ. ಪೂರ್ತಿ ತೆಗೆದಿಟ್ಟಿದೀನಿ. ನಾನು ಕೇಳ್ತೀನಿ.”

ಅಕ್ಕ ಮೈಕನ್ನು ನೋಡಲಿಲ್ಲ. ಅದನ್ನು ಹಿಡಿದಿದ್ದ ಬೆರಳುಗಳನ್ನು ನೋಡಿದಳು, ಹೇನು ಹುಡುಕುವಾಗ ಕೂದಲನ್ನು ಬಿಡಿಸಿ ಬಿಡಿಸಿ ನೋಡುತ್ತಿದ್ದ ಹಾಗೆ, ಒಂದೊಂದನ್ನೇ.

“ಬೇಡ,” ಅಂದಳು. “ನಿನ್ನ ಕೈಲಿ ಬೇಡ.”